ಸೀತಾನದಿಯ ಕೆಳಗೊಂದು ಹಕ್ಕಿ, ಮೇಲೊಂದು ಸಿಂಗಳೀಕ

ಇಡೀ ಪ್ರವಾಸಕ್ಕೆ ಕಾರಣ ಒಂದು ಚಾರ್ಟ್ ಪೇಪರ್. ಮಗಳು ಸಿರಿ ಒಂಬತ್ತನೇ ಕ್ಲಾಸು. ಒಂದು ಹಕ್ಕಿ, ಒಂದು ಸಸ್ತನಿ ಆರಿಸಿಕೊಂಡು ಎರಡರ ವರ್ಗೀಕರಣ, ಸಂರಕ್ಷಣೆ ಹೋಲಿಸಿ ಬರೆಯಿರಿ ಅಂತ ಅವರ ವಿಜ್ಞಾನದ ಮೇಡಂ ಪ್ರಾಜೆಕ್ಟ್ ಕೊಟ್ಟಿದ್ದರು. ತುಮಕೂರಿನ ಮನೆಯಲ್ಲೇ ಕೂತು ಇಂಟರ್ನೆಟ್ ನೋಡಿ ಬರೆದಿದ್ದರೆ ಅರ್ಧ ದಿನದ ಕೆಲಸ. ಆದರೆ ಭಾಮೈದ ಮಂಜುಗೆ ಫೋನಿನಲ್ಲಿ ವಿಷಯ ಹೇಳಿದ್ದೇ ತಪ್ಪಾಯಿತು.

ಮಂಜು ಮಂಗಳೂರಿಗೆ ಹೋಗಿ ಆರು ವರ್ಷ. ಭಾನುವಾರ ಬಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಕಡಲ ಕಡೆ ಹೊರಡುವ ಹುಚ್ಚು. "ಭಾವ, ಸುಮ್ನೆ ನವಿಲು, ಹುಲಿ ಅಂತ ಬರೆಸಬೇಡಿ. ಇಲ್ಲಿಗೆ ಕರ್ಕೊಂಡು ಬನ್ನಿ. ಅಳಿವೆಯಲ್ಲಿ ಹಕ್ಕಿ ಉಂಟು, ಆಗುಂಬೆ ಘಾಟಿಯಲ್ಲಿ ಸಿಂಗಳೀಕ ಉಂಟು" ಅಂದ. 'ಇದೆ' ಹೋಗಿ 'ಉಂಟು' ಆಗಿದೆ ನಮ್ಮ ಹುಡುಗನಿಗೆ. ಕ್ರಿಸ್ಮಸ್ ರಜೆ ಹತ್ತಿರವಿತ್ತು. ಹೊರಟೆವು.

ಮೊದಲ ದಿನ: ಅಳಿವೆ ಬಾಗಿಲು

ರಾತ್ರಿ ಬಸ್ಸು, ಬೆಳಿಗ್ಗೆ ಮಂಗಳೂರು. ಶಿರಾಡಿಯ ತಿರುವುಗಳಲ್ಲಿ ನನಗೆ ಕಣ್ಣು ಮುಚ್ಚಲಾಗಲಿಲ್ಲ, ಸಿರಿ ಎದ್ದಿದ್ದು ಪಂಪ್‌ವೆಲ್ ದಾಟಿದ ಮೇಲೆ. ಮಂಜುವಿನ ಮನೆ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿಂದೆವು. ಬಾಳೆಹಣ್ಣಿನ ಸಣ್ಣ ಸಿಹಿ, ಜೀರಿಗೆಯ ಘಮ, ಪಕ್ಕದಲ್ಲಿ ಚಟ್ನಿ. ನಾನು ಮೂರು ತಿಂದೆ. ಈ ಬನ್ಸು ಕಥೆಯಲ್ಲಿ ಮತ್ತೆ ಬರುತ್ತದೆ.

ಮಧ್ಯಾಹ್ನ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿ. ಅಲ್ಲಿಂದ ಆಟೋ ಹಿಡಿದು ದಕ್ಷಿಣಕ್ಕೆ, ಬೆಂಗ್ರೆಯ ತುದಿಯವರೆಗೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಸಪೂರ ನೆಲ. ನೇತ್ರಾವತಿ ಮತ್ತು ಫಲ್ಗುಣಿ ಸೇರಿ ಕಡಲಿಗೆ ಇಳಿಯುವ ಜಾಗವನ್ನು ಇಲ್ಲಿಯವರು ಅಳಿವೆ ಬಾಗಿಲು ಅನ್ನುತ್ತಾರೆ. ಮೀನಿನ ಬೋಟುಗಳು ಈ ಬಾಗಿಲಿನಿಂದಲೇ ಒಳಗೆ ಹೊರಗೆ. ಗಾಳಿಯಲ್ಲಿ ಡೀಸೆಲ್ ಮತ್ತು ಒಣಮೀನಿನ ವಾಸನೆ ಕಲಸಿಕೊಂಡಿತ್ತು.

ಸಿರಿಗೆ ಮೊದಲು ಏನೂ ಕಾಣಲಿಲ್ಲ. "ಬರೀ ಮರಳು, ಮಾವ." ಮಂಜು ಅವಳ ತಲೆ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿದ. ಆಗ ಆ ಮರಳೇ ಓಡಿತು. ಇಪ್ಪತ್ತು ಮೂವತ್ತು ಪುಟ್ಟ ಹಕ್ಕಿಗಳು. ಬೆನ್ನು ಒದ್ದೆ ಮರಳಿನದೇ ಬಣ್ಣ, ಹೊಟ್ಟೆ ಬಿಳಿ, ಕಾಲು ಬೂದು. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡವು.

ಒಂದರ ಮೇಲೇ ಕಣ್ಣಿಟ್ಟು ನೋಡು ಅಂದ ಮಂಜು. ನೋಡಿದೆವು. ಹಕ್ಕಿ ಐದಾರು ಹೆಜ್ಜೆ ಚಕಚಕ ಓಡಿತು. ಗಕ್ಕನೆ ನಿಂತಿತು. ತಲೆ ಸ್ವಲ್ಪ ವಾರೆ ಮಾಡಿ ನೆಲ ನೋಡಿತು. ಬಗ್ಗಿ ಒಂದು ಕುಕ್ಕು. ಕೊಕ್ಕಿನಲ್ಲಿ ಕೆಂಪು ದಾರದಂಥ ಹುಳ. ಹುಳ ಒಳಗಿಂದ ಜಗ್ಗುತ್ತಿದೆ, ಹಕ್ಕಿ ಹೊರಗಿಂದ ಜಗ್ಗುತ್ತಿದೆ. ದಾರ ಕಡಿಯದ ಹಾಗೆ ಮೆಲ್ಲಗೆ ಎಳೆದು, ಪೂರ್ತಿ ಬಂದ ಮೇಲೆ ನುಂಗಿ ಮತ್ತೆ ಓಟ. ಪಕ್ಕದಲ್ಲೇ ಉದ್ದ ಕೊಕ್ಕಿನ ಬೇರೆ ಹಕ್ಕಿಗಳು ಹೊಲಿಗೆ ಮಿಷನ್ನಿನ ಸೂಜಿಯಂತೆ ಕೆಸರನ್ನು ಚುಚ್ಚುತ್ತಾ ಸಾಗುತ್ತಿದ್ದವು. ಅವು ಹುಡುಕುವುದು ಕೊಕ್ಕಿನ ತುದಿಯಿಂದ ತಡವಿ, ನಮ್ಮ ಓಟಗಾರ ಹುಡುಕುವುದು ಕಣ್ಣಿನಿಂದ. ಅದಕ್ಕೇ ಅದರ ಕಣ್ಣು ದೊಡ್ಡದು, ಕೊಕ್ಕು ಗಿಡ್ಡ.

"ಇದು ಸ್ಯಾಂಡ್ ಪ್ಲೋವರ್. ಟಿಬೆಟಿನಿಂದ ಬಂದದ್ದು" ಅಂದ ಮಂಜು. ಸಿರಿ ನಂಬಲಿಲ್ಲ. ನಾನೂ ನಂಬಲಿಲ್ಲ. ಆದರೆ ನಿಜ. ಟಿಬೆಟ್ ಪ್ರಸ್ಥಭೂಮಿ, ಪಾಮಿರ್, ನಮ್ಮ ಲಡಾಖಿನ ಎತ್ತರದಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಆಗಸ್ಟಿನ ಹೊತ್ತಿಗೆ ಈ ಕರಾವಳಿಗೆ ಇಳಿಯಲು ಶುರು ಮಾಡುತ್ತವೆ. ಏಪ್ರಿಲ್, ಮೇ ಬಂದರೆ ವಾಪಸ್. ಆಟೋದವನ ಕೇಳಿದರೆ ಎಲ್ಲದಕ್ಕೂ ಒಂದೇ ಹೆಸರು, 'ಪಕ್ಕಿ'. ತುಳುವಿನಲ್ಲಿ ಹಕ್ಕಿ ಅಂತ ಅಷ್ಟೆ.

ಚಾರ್ಟಿನ ತಲೆನೋವು ಅಲ್ಲೇ ಶುರುವಾಯಿತು. ಸಿರಿ ನೋಟ್‌ಬುಕ್ ತೆಗೆದು, ಹೆಸರು ಹೇಳಿ ಮಾವ ಅಂದಳು. ಮಂಜುವಿನ ಹಳೇ ಪುಸ್ತಕದಲ್ಲಿ 'ಲೆಸ್ಸರ್ ಸ್ಯಾಂಡ್ ಪ್ಲೋವರ್', ಕುಲ ಕರಾಡ್ರಿಯಸ್. ಮೊಬೈಲಿನ ಆ್ಯಪ್‌ನಲ್ಲಿ 'ಟಿಬೆಟನ್ ಸ್ಯಾಂಡ್ ಪ್ಲೋವರ್', ಕುಲ ಅನಾರಿಂಕಸ್. ಹಕ್ಕಿ ಅದೇ, ಹೆಸರು ಪೂರ್ತಿ ಬೇರೆ. 1776ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿ ಈ ಗುಂಪಿಗೆ ಮೊದಲು ಹೆಸರಿಟ್ಟ. ಅಲ್ಲಿಂದ ಬಹುಕಾಲ ಸೈಬೀರಿಯಾದ್ದು, ಟಿಬೆಟಿನದ್ದು ಎರಡನ್ನೂ ಒಂದೇ ಪ್ರಭೇದ ಎಂದೇ ಎಣಿಸುತ್ತಿದ್ದರು. 2022ರಲ್ಲಿ ಜೀನೋಮ್ (ಜೀವಿಯ ಪೂರ್ತಿ ಡಿಎನ್‌ಎ) ಇಟ್ಟುಕೊಂಡು ನೋಡಿದರೆ ಬೇರೆಯೇ ಕಥೆ. ಟಿಬೆಟಿನ ಹಕ್ಕಿಗೆ ಹತ್ತಿರದ ನಂಟು ತನ್ನ ಹಾಗೇ ಕಾಣುವ ಸೈಬೀರಿಯಾದ ಹಕ್ಕಿಯಲ್ಲ, ದಪ್ಪ ಕೊಕ್ಕಿನ 'ಗ್ರೇಟರ್ ಸ್ಯಾಂಡ್ ಪ್ಲೋವರ್'. ಹಾಗಾಗಿ ಒಂದನ್ನು ಎರಡು ಮಾಡಿದರು. 2023ರಲ್ಲಿ ಕುಲವನ್ನೂ ಬದಲಾಯಿಸಿದರು. ಅನಾರಿಂಕಸ್ ಎಂಬ ಹೆಸರು ಮೊದಲು ಇದ್ದದ್ದು ನ್ಯೂಜಿಲೆಂಡಿನ ರೈಬಿಲ್ ಎಂಬ ಹಕ್ಕಿಗೆ. ಅದರ ಕೊಕ್ಕು ಬಲಕ್ಕೆ ಸೊಟ್ಟ. ಯಾವುದೋ ದೇಶದ ಸೊಟ್ಟ ಕೊಕ್ಕಿನ ನೆಂಟನ ಹೆಸರು ಬೆಂಗ್ರೆಯ ನೆಟ್ಟ ಕೊಕ್ಕಿನ ಹಕ್ಕಿಗೆ ಅಂಟಿಕೊಂಡಿತು.

"ಅಂದ್ರೆ ಪಕ್ಕದಲ್ಲಿ ನಿಂತಿರೋದು ನೆಂಟ ಅಲ್ಲ ಅಂತಾಯ್ತು" ಅಂದಳು ಸಿರಿ. ಮಂಜು ಇನ್ನೊಂದು ತೋರಿಸಿದ. ಅಲ್ಲೇ ನೀರಿನಲ್ಲಿ ಬೆಳ್ಳಕ್ಕಿ ನಿಂತಿತ್ತು. ಅದೂ ನೀರಿನಲ್ಲಿ ನಡೆದು ತಿನ್ನುವ ಹಕ್ಕಿಯೇ, ಆದರೆ ಅದರ ಗಣ ಬೇರೆ. ಪೆಲಿಕನ್‌ಗಳ ಜೊತೆ ಹೋಗುತ್ತದೆ. ಬೋಟುಗಳ ಹಿಂದೆ ಕಿರುಚುತ್ತಾ ಹಾರುತ್ತಿದ್ದ ಕಡಲಕಾಗೆಗಳಿಗೂ ನಮ್ಮ ಪ್ಲೋವರ್‌ಗೂ ಮಾತ್ರ ಗಣ ಒಂದೇ, ಕರಾಡ್ರಿಫಾರ್ಮಿಸ್. ನೋಡಿದರೆ ಯಾರಾದರೂ ಹೇಳುತ್ತಾರಾ?

ಇಷ್ಟೆಲ್ಲ ಮಾತಾಡುವಾಗ ನಾವು ನಿಂತಿದ್ದ ಮರಳದಿಬ್ಬದ ಹಿಂದೆ ನೀರು ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ. ಭರತಕ್ಕೆ ಇನ್ನೂ ಒಂದು ಗಂಟೆ ಮೇಲಿದೆ ಅಂದಿದ್ದ ಮಂಜು. ಅವನು ಮೊಬೈಲಿನಲ್ಲಿ ನೋಡಿದ್ದು ಮರುದಿನದ ಸಾಲು. ಭರತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದಲ್ಲ, ಅಷ್ಟು ನಮಗೆ ಮೋಸವಾಯಿತು. ಪ್ಯಾಂಟು ಮಡಿಚಿ, ಚಪ್ಪಲಿ ಕೈಲಿ ಹಿಡಿದು, ಸಿರಿಯ ಬ್ಯಾಗು ನನ್ನ ತಲೆಯ ಮೇಲೆ. ಮೊಣಕಾಲು ಮುಳುಗಿತು. ದಡದಲ್ಲಿ ಬಲೆ ಸರಿ ಮಾಡುತ್ತಿದ್ದ ಒಬ್ಬರು ಅಷ್ಟು ಹೊತ್ತು ನಮ್ಮನ್ನೇ ನೋಡುತ್ತಿದ್ದರಂತೆ. "ನಿಮಗೆ ಹಕ್ಕಿ ಕಾಣ್ತದೆ, ನೀರು ಕಾಣುದಿಲ್ವಾ ಮಾರಾಯ್ರೆ?" ಅಂದರು. ಉತ್ತರ ಇರಲಿಲ್ಲ. ಅವರೇ ಹೇಳಿದರು: ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ಜಾಸ್ತಿ ಏರುತ್ತದೆ, ಹಕ್ಕಿ ನೋಡಲು ಭರತಕ್ಕೆ ಎರಡು ಗಂಟೆ ಮೊದಲೇ ಬನ್ನಿ, ದಡದಿಂದಲೇ ನೋಡಿ. ನೀರು ಏರಿದ ಹಾಗೆ ಅವೇ ನಿಮ್ಮ ಹತ್ತಿರ ಬರ್ತಾವೆ.

ಅದು ನಿಜವೂ ಆಯಿತು. ದಡ ಸೇರಿ ಕಾಲು ಒರೆಸಿಕೊಳ್ಳುವಷ್ಟರಲ್ಲಿ ಇಡೀ ಹಿಂಡು ಹಾರಿ ಬಂದು ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದ ಒಣ ಮರಳಿನಲ್ಲಿ ಕೂತಿತು. ಎಲ್ಲವೂ ಗಾಳಿಗೆ ಮುಖ ಮಾಡಿ, ಒಂದೇ ಕಾಲಿನಲ್ಲಿ.

ಅದೇ ರಾತ್ರಿ: ಬಂಗುಡೆ ಮತ್ತು ಬರಿ

ಮಂಜುವಿನ ಮನೆ ಓನರ್ ಅಕ್ಕ ಕೆಳಗಿನ ಮನೆಯವರು. ಊಟಕ್ಕೆ ಕರೆದಿದ್ದರು. ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಸಿರಿಗೆ ಖಾರಕ್ಕೆ ಮೂಗಿನಲ್ಲಿ ನೀರು ಬಂದರೂ ಬಿಡಲಿಲ್ಲ.

ಮಗು ಏನು ಬರೀತಿದೆ ಅಂತ ಅಕ್ಕ ಕೇಳಿದರು. ಗಣ, ಕುಟುಂಬ, ಕುಲ, ಪ್ರಭೇದ ಅಂತೆಲ್ಲ ಸಿರಿ ವಿವರಿಸಿದಳು. ಅಕ್ಕನಿಗೆ ನಗು. "ಅದು ನಮ್ಮ ಬರಿ ಇದ್ದ ಹಾಗೆ. ನಮ್ಮಲ್ಲಿ ಬರಿ ತಾಯಿಯಿಂದ ಬರುದು, ಅಪ್ಪನಿಂದ ಅಲ್ಲ. ಒಂದೇ ಬರಿಯವರು ಎಷ್ಟು ದೂರದ ಊರಲ್ಲಿದ್ರೂ ಅಣ್ಣ ತಂಗಿ. ಮದುವೆ ಆಗುದಿಲ್ಲ. ಪಕ್ಕದ ಮನೆಯವರು ಬೇರೆ ಬರಿ ಆದ್ರೆ ನೆಂಟಸ್ತಿಕೆ ಮಾಡ್ಬಹುದು." ಆಮೇಲೆ ನನ್ನ ಕಡೆ ತಿರುಗಿ, "ಹಿಂದೆ ಅಳಿಯಕಟ್ಟಿನಲ್ಲಿ ಆಸ್ತಿ ಎಲ್ಲ ಮಾವನಿಂದ ತಂಗಿಯ ಮಕ್ಕಳಿಗೆ. ಆ ಲೆಕ್ಕದಲ್ಲಿ ಈ ಮಗುವಿಗೆ ಮಂಜುವೇ ಯಜಮಾನ, ನೀವು ಲೆಕ್ಕಕ್ಕಿಲ್ಲ" ಅಂದರು. ಮಂಜುವಿನ ಮುಖ ನೋಡಬೇಕಿತ್ತು. ಅವನ ಹೆಸರಲ್ಲಿ ಇರುವುದು ಒಂದು ಸೆಕೆಂಡ್ ಹ್ಯಾಂಡ್ ಕಾರು, ಒಂದು ದುರ್ಬೀನು.

ತಮಾಷೆಗೆ ಬಂದ ಮಾತಾದರೂ ಅಕ್ಕನ ಬರಿ ಸಿರಿಯ ತಲೆಯಲ್ಲಿ ಕೂತುಬಿಟ್ಟಿತು. ಪ್ರಾಣಿಗಳ ನಂಟು ಹುಡುಕುವವರು ಬಹಳ ಕಾಲ ನೆಚ್ಚಿಕೊಂಡಿದ್ದೂ ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನೇ. ಈಗ ಪೂರ್ತಿ ಜೀನೋಮ್ ನೋಡುತ್ತಾರೆ, ಅದು ಬೇರೆ ಮಾತು.

ಎರಡನೇ ದಿನ: ಮರುವಾಯಿ ಹೆಕ್ಕುವವರು

ಮಂಜುವಿನ ಕಾರಿನಲ್ಲಿ ಹೆದ್ದಾರಿ ಹಿಡಿದು ಉತ್ತರಕ್ಕೆ. ಸುರತ್ಕಲ್‌ವರೆಗೆ ಲಾರಿಗಳ ಕಾಟ. ಮುಲ್ಕಿಯಲ್ಲಿ ಶಾಂಭವಿ ಹೊಳೆ ಕಂಡ ಕೂಡಲೇ ಬಲಕ್ಕೆ ನಿಲ್ಲಿಸಿದ. ಇಳಿತದ ಹೊತ್ತು. ಹೊಳೆ ನಡುವಿನ ಕೆಸರುದಿಬ್ಬ ಎದ್ದು ಕೂತಿತ್ತು. ಅದರ ಮೇಲೆ ನಾಲ್ಕು ಜನ ಹೆಂಗಸರು ಬಗ್ಗಿ ಮರುವಾಯಿ ಹೆಕ್ಕುತ್ತಿದ್ದರು. ಮರುವಾಯಿ ಅಂದರೆ ಚಿಪ್ಪಿನ ಮೀನು. ಕೈಬೆರಳಿನಿಂದ ಕೆಸರು ತಡವುವುದು, ಗಟ್ಟಿ ತಾಗಿದರೆ ಎತ್ತಿ ಬುಟ್ಟಿಗೆ. ಅವರಿಂದ ಮಾರು ದೂರದಲ್ಲಿ ಉದ್ದ ಬಾಗಿದ ಕೊಕ್ಕಿನ ಹಕ್ಕಿಗಳು ಅದೇ ಕೆಸರನ್ನು ತಡವುತ್ತಿದ್ದವು. ಒಬ್ಬರಿಗೊಬ್ಬರು ಕ್ಯಾರೇ ಅನ್ನುತ್ತಿರಲಿಲ್ಲ.

ದಡಕ್ಕೆ ಬಂದ ಒಬ್ಬ ಅಜ್ಜಿಯನ್ನು ಮಾತಾಡಿಸಿದೆವು. ಬುಟ್ಟಿ ಅರ್ಧ ತುಂಬಿತ್ತು. "ಮೊದಲು ಈ ಹೊತ್ತಿಗೆ ಎರಡು ಬುಟ್ಟಿ ಆಗ್ತಿತ್ತು ಮಗಾ. ಈಗ ಹೊಯ್ಗೆ ತೆಗೆದು ತೆಗೆದು ದಿಬ್ಬವೇ ಸಣ್ಣ ಆಗಿದೆ." ಹೊಯ್ಗೆ ಅಂದರೆ ಮರಳು. ಹಕ್ಕಿಗಳೂ ಕಮ್ಮಿಯಾಗಿವೆಯಾ ಅಂತ ಸಿರಿ ಕೇಳಿದಳು. ಅಜ್ಜಿ ಒಂದು ಕ್ಷಣ ಯೋಚಿಸಿ, "ನಾನು ತಲೆ ಎತ್ತಿ ನೋಡಿದ್ರಲ್ವಾ ಹೇಳುದು" ಅಂದರು.

ಆ ಬಾಗಿದ ಕೊಕ್ಕಿನವು ಕರ್ಲ್ಯೂ ಸ್ಯಾಂಡ್‌ಪೈಪರ್. ಮೊಟ್ಟೆಯಿಡುವುದು ಸೈಬೀರಿಯಾದ ಆರ್ಕ್ಟಿಕ್ ಅಂಚಿನಲ್ಲಿ. 2024ರಲ್ಲಿ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ಪರಿಷ್ಕರಿಸಿದಾಗ ಇದನ್ನೂ, ಹಿಂದಿನ ದಿನ ಅಳಿವೆಯಲ್ಲಿ ಒಂಟಿಯಾಗಿ ಗಂಟು ಮುಖ ಹಾಕಿ ನಿಂತಿದ್ದ ಗ್ರೇ ಪ್ಲೋವರನ್ನೂ 'ಅಪಾಯಕ್ಕೆ ಗುರಿಯಾಗಬಲ್ಲ' ಸಾಲಿಗೆ ಇಳಿಸಿದರು. ಹೀಗೆ ಒಟ್ಟಿಗೆ ಹಲವು ದಡದ ಹಕ್ಕಿಗಳ ಸ್ಥಿತಿ ಬದಲಾಯಿತು. ನಮ್ಮ ಸ್ಯಾಂಡ್ ಪ್ಲೋವರ್ ಒಂದೇ ಪ್ರಭೇದವಾಗಿದ್ದಾಗ 'ಚಿಂತೆಯಿಲ್ಲ' ಎಂಬ ಪಟ್ಟಿಯಲ್ಲಿತ್ತು. ಎರಡು ಮಾಡಿದ ಮೇಲೆ ಲೆಕ್ಕವೂ ಎರಡಾಗಬೇಕು. ಒಟ್ಟು ಕುಟುಂಬದಲ್ಲಿ ಭತ್ತ ಕಣಜ ತುಂಬ ಇದ್ದಂತೆ ಕಾಣುತ್ತದೆ, ಪಾಲು ಮಾಡಿದಾಗಲೇ ಯಾರ ಪಾಲಿಗೆ ಎಷ್ಟು ಅಂತ ತಿಳಿಯುವುದು. ವರ್ಗೀಕರಣ ಅಂದರೆ ಬರೀ ಪುಸ್ತಕದ ಕೆಲಸ ಅಂದುಕೊಂಡಿದ್ದ ನನಗೆ ಇದು ಹೊಸದು.

ಉಡುಪಿಯಲ್ಲಿ ಊಟ. ಸಾರು, ಕುಂಬಳಕಾಯಿ ಕೊದ್ದೆಲು, ಕೊನೆಗೆ ಪಾಯಸ. ಮಠದ ಬೀದಿಯಲ್ಲಿ ಜನ ಜಾತ್ರೆಯಂತೆ ತುಂಬಿದ್ದರು, ಕಾರು ನಿಲ್ಲಿಸಲು ಅರ್ಧ ಗಂಟೆ ಸುತ್ತಿದೆವು. ರಜೆಯಲ್ಲಿ ಹೋಗುವವರು ಕಾರು ದೂರದಲ್ಲೇ ಬಿಟ್ಟು ನಡೆದುಬಿಡುವುದು ಒಳ್ಳೆಯದು.

ಸಂಜೆ ಮಲ್ಪೆ, ಹೂಡೆ ದಾಟಿ ಕೋಡಿ ಬೆಂಗ್ರೆ. ಈ ರಸ್ತೆಯ ಬಗ್ಗೆ ಎಷ್ಟು ಬರೆದರೂ ಕಮ್ಮಿ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಕೆಲವು ಕಡೆ ನಡುವೆ ರಸ್ತೆ ಮತ್ತು ಒಂದು ಸಾಲು ತೆಂಗು ಮಾತ್ರ. ಅಂಗಳದಲ್ಲಿ ಒಣಗಲು ಹಾಕಿದ ಸಿಗಡಿ, ಕಾಯಲು ಕೂತ ನಾಯಿ, ಕದಿಯಲು ಕೂತ ಕಾಗೆ. ರಸ್ತೆ ಮುಗಿಯುವಲ್ಲಿ ನೆಲವೂ ಮುಗಿಯುತ್ತದೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲಿಗೆ ಸೇರುವುದು ಇಲ್ಲೇ.

ಇಲ್ಲೂ ಪ್ಲೋವರ್‌ಗಳಿದ್ದವು. ಆದರೆ ರಜೆಯ ಜನವೂ ಇದ್ದರು. ಒಂದು ಹುಡುಗರ ಗುಂಪು ಬೈಕನ್ನು ನೇರ ಮರಳಿಗೆ ಇಳಿಸಿತು. ಹಿಂಡು ಎದ್ದಿತು, ಸುತ್ತು ಹೊಡೆದು ಕೂತಿತು. ಮತ್ತೆ ಬೈಕು, ಮತ್ತೆ ಎದ್ದಿತು. ಕಾಲು ಗಂಟೆಯಲ್ಲಿ ಆರು ಸಲ ಎಣಿಸಿದೆವು. ಟಿಬೆಟಿಗೆ ಹಾರಲು ಮೈಯಲ್ಲಿ ಕೊಬ್ಬು ಕೂಡಿಸುವ ಹಕ್ಕಿಗೆ ಇದೆಲ್ಲ ದಂಡದ ಖರ್ಚು. ಹುಡುಗರಿಗೆ ಹೇಳೋಣ ಅಂತ ಹೋದೆ. ಹೇಳಲಿಲ್ಲ. ಅವರು ಪಾಪ ನನ್ನನ್ನೇ ಫೋಟೋ ತೆಗೆದುಕೊಡಿ ಅಂಕಲ್ ಅಂದರು, ತೆಗೆದುಕೊಟ್ಟು ಬಂದೆ. ಸಿರಿ ಇಡೀ ಸಂಜೆ ನನ್ನ ಜೊತೆ ಮಾತಾಡಲಿಲ್ಲ.

ರಾತ್ರಿ ಮಲ್ಪೆ ಹತ್ತಿರದ ಒಂದು ಹೋಂ ಸ್ಟೇ. ಸೊಳ್ಳೆ ಪರದೆ ತೂತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಮೂರನೇ ದಿನ: ಹೊಳೆ ಹಿಡಿದು ಮೇಲಕ್ಕೆ

ಬೆಳಿಗ್ಗೆ ಐದೂವರೆಗೇ ಹೊರಟೆವು. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ. ಗದ್ದೆಗಳ ಮೇಲೆ ಮಂಜು ಮಲಗಿತ್ತು, ಕಾರಿನೊಳಗಿನ ಮಂಜು ಹಾಡುತ್ತಿದ್ದ. ಹೆಬ್ರಿಯಲ್ಲಿ ಬಿಸಿ ನೀರುದೋಸೆ ಸಿಕ್ಕಿತು. ದಾರಿಗೆ ಅಂತ ಆರು ಬನ್ಸ್ ಕಟ್ಟಿಸಿಕೊಂಡೆ.

ಹೆಬ್ರಿ ದಾಟಿದ ಮೇಲೆ ಕಾಡು. ರಸ್ತೆ ಪಕ್ಕ ಒಂದು ಹೊಳೆ, ಬಂಡೆಗಳ ನಡುವೆ ತಿಳಿ ನೀರು. ಬೋರ್ಡಿನಲ್ಲಿ ಸೀತಾನದಿ ಅಂತಿತ್ತು. ಸಿರಿ ಕಿಟಕಿಯಿಂದ ತಲೆ ಹೊರಹಾಕಿದಳು. "ನಿನ್ನೆ ಬೆಂಗ್ರೆಯಲ್ಲಿ ನೋಡಿದ್ದು ಇದೇನಾ?" ಇದೇ. ಆಗುಂಬೆಯ ಸುತ್ತಿನ ಬೆಟ್ಟಗಳಲ್ಲಿ ಹುಟ್ಟಿ, ಸೋಮೇಶ್ವರ ಅಭಯಾರಣ್ಯದೊಳಗೆ ಹರಿದು, ನಾವು ಫೋಟೋ ತೆಗೆದ ಜಾಗದಲ್ಲಿ ಕಡಲು ಸೇರುವ ಹೊಳೆ. ಪ್ಲೋವರ್ ಓಡಾಡುವ ಆ ಹೊಯ್ಗೆಯನ್ನು ಮಳೆಗಾಲದಲ್ಲಿ ಹೊತ್ತು ತರುವುದೂ ಇಂಥ ಹೊಳೆಗಳೇ.

ಸೋಮೇಶ್ವರದಲ್ಲಿ ಘಾಟಿ ಶುರುವಾಗುವ ಮುಂಚೆ ಚಹಾದಂಗಡಿ. ಕಾರಿನ ಬಾಗಿಲು ತೆರೆದಿಟ್ಟು ಇಳಿದೆ. ತಿರುಗಿ ನೋಡುವಾಗ ಒಂದು ಮಂಗ ಸೀಟಿನ ಮೇಲೆ ಕೂತು ಬನ್ಸಿನ ಪೊಟ್ಟಣ ಬಿಚ್ಚುತ್ತಿತ್ತು. ಅವಸರವೇ ಇಲ್ಲ. ಎರಡನ್ನು ಕೆನ್ನೆಚೀಲಕ್ಕೆ ತುರುಕಿತು, ಎರಡನ್ನು ಕೈಯಲ್ಲಿ ಹಿಡಿಯಿತು, ಉಳಿದೆರಡನ್ನು ಮೂಸಿ ಬಿಸಾಡಿ ಹೋಯಿತು. ಇದು ನಮ್ಮೆಲ್ಲರಿಗೂ ಗೊತ್ತಿರುವ ಮಾಮೂಲಿ ಮಂಗ, ಬಾನೆಟ್ ಮಕಾಕ್. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉತ್ತರದ ರೀಸಸ್ ಮಂಗಗಳು ಇದರ ಜಾಗ ಒತ್ತರಿಸಿಕೊಂಡು ಕೆಳಗೆ ಬರುತ್ತಿವೆ. ಐಯುಸಿಎನ್ ಪಟ್ಟಿಯಲ್ಲಿ ಇದೂ ಆ ಕರ್ಲ್ಯೂ ಸ್ಯಾಂಡ್‌ಪೈಪರ್ ಇರುವ ಸಾಲಿನಲ್ಲೇ ಇದೆ. ಬನ್ಸ್ ಹೋದ ಸಿಟ್ಟಿನಲ್ಲಿ ಅದನ್ನು ನಂಬುವುದು ನನಗೆ ಕಷ್ಟವಾಯಿತು.

ಚಹಾದಂಗಡಿಯವರಿಗೆ ಇದೆಲ್ಲ ದಿನದ ನೋಟ. ಅವರಿಗೆ ಮನೆ ಹತ್ತಿರ ಸ್ವಲ್ಪ ತೋಟವೂ ಇದೆ. "ಬಾಳೆ ಹಾಕುದು ಬಿಟ್ಟೇಬಿಟ್ಟೆ. ಎಳನೀರು ಸಹ ಉಳಿಯುದಿಲ್ಲ. ಮಂಗ ಹಾಳು ಮಾಡಿದ್ದಕ್ಕೆ ಯಾರನ್ನು ಕೇಳುದು ಹೇಳಿ." ಸಿಂಗಳೀಕವೂ ತೋಟಕ್ಕೆ ಬರುತ್ತದಾ ಅಂದೆ. "ಅದು ಪಾಪದ್ದು. ಮೊದಲು ಮರ ಬಿಟ್ಟು ಇಳಿತಿರ್ಲಿಲ್ಲ. ಈಗ ಘಾಟಿಯಲ್ಲಿ ಕಾರಿನ ಬಾಗಿಲು ಶಬ್ದ ಕೇಳಿದ್ರೆ ಸಾಕು, ಕೆಳಗೆ ಬರ್ತವೆ. ನೀವೆಲ್ಲ ಚಿಪ್ಸ್ ಕೊಟ್ಟು ಅಭ್ಯಾಸ ಮಾಡಿದ್ದು." 'ನೀವೆಲ್ಲ' ಅನ್ನುವಾಗ ನಮ್ಮ ಕಾರಿನ ನಂಬರ್ ಪ್ಲೇಟ್ ಮೇಲೆ ಕಣ್ಣಿತ್ತು. ಒಣ ಎಲೆ ಬಿದ್ದ ಕಡೆ ಕೂರಬೇಡಿ ಅಂತಲೂ ಎಚ್ಚರಿಸಿದರು. ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗಿನ ಕಾಟ, ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಅದು. ಮಂಗ, ಮುಸಿಯ (ಕಪ್ಪು ಮುಖ, ಉದ್ದ ಬಾಲದ ಲಂಗೂರ್) ಸತ್ತುಬಿದ್ದಿದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯದವರಿಗೋ ತಿಳಿಸಬೇಕು.

ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಕಡಿದಾದ ತಿರುವು ಅಂದರೆ ಕಾರು ತಿರುಗುವಾಗ ಹಿಂದಿನ ಸೀಟಿನವರಿಗೆ ಆಕಾಶ ಮಾತ್ರ ಕಾಣುವಷ್ಟು. ನಾಲ್ಕನೆಯದೋ ಐದನೆಯದೋ ತಿರುವಿನ ತಡೆಗೋಡೆಯ ಮೇಲೆ ಮೊದಲ ಸಿಂಗಳೀಕ ಕೂತಿತ್ತು. 'ತಿಂಡಿ ಹಾಕಬೇಡಿ' ಬೋರ್ಡಿನ ಸರಿ ಕೆಳಗೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿಗಡ್ಡ. ಎಲ್ಲರೂ ಆ ಕೇಸರ ನೋಡಿ ಸಿಂಹದ ಹೆಸರು ಬಂತು ಅಂದುಕೊಳ್ಳುತ್ತಾರೆ. ಆದರೆ 'ಲಯನ್ ಟೇಲ್ಡ್ ಮಕಾಕ್' ಎಂಬ ಇಂಗ್ಲಿಷಿನ ಹೆಸರು ಬಂದಿದ್ದು ಬಾಲದಿಂದ. ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಪುಟ್ಟ ಕುಚ್ಚು. ಅದು ನಮ್ಮ ಕಡೆ ಒಂದು ಕೈ ಚಾಚಿತು. ಅಂಗೈ ಕಪ್ಪು, ಗೆರೆಗಳು ನಮ್ಮ ಕೈಯಂತೆಯೇ. ಸಿರಿ ಕ್ಯಾಮೆರಾ ಎತ್ತಿದವಳು ಇಳಿಸಿಬಿಟ್ಟಳು. "ಇದು ಬೇಡ ಅಪ್ಪ."

ಮುಂದೆ ಕಾರು ನಿಲ್ಲಿಸಲು ಜಾಗವಿದ್ದ ಕಡೆ ಇಳಿದು ಕಾದೆವು. ಮುಕ್ಕಾಲು ಗಂಟೆ ಏನಿಲ್ಲ. ಆಮೇಲೆ ಕಣಿವೆಯ ಕಡೆಯಿಂದ 'ಊ' ಎಂದು ಒಂದು ಕೂಗು, ತುತ್ತೂರಿ ಊದಿದ ಹಾಗೆ. ಗಂಡು ಸಿಂಗಳೀಕ ತನ್ನ ಗುಂಪಿಗೆ ಕೊಡುವ ಕರೆ ಅಂದ ಮಂಜು. ನಮ್ಮ ಕಣ್ಣಿನ ಮಟ್ಟಕ್ಕೇ ಇದ್ದ ಒಂದು ಮರದ ನೆತ್ತಿ ಅಲ್ಲಾಡಿತು. ಒಂದು ಹೆಣ್ಣು, ಹೊಟ್ಟೆಗೆ ಅವಚಿಕೊಂಡ ಮರಿ. ಮರಿಯ ಮುಖ ಇನ್ನೂ ನಸುಗೆಂಪು, ಗಡ್ಡವೇ ಇಲ್ಲ. ತಾಯಿ ಒಣಗಿದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸುಲಿದು, ಒಳಗೆ ಕಣ್ಣಿಟ್ಟು ನೋಡಿ, ಬೆರಳಿನಿಂದ ಏನನ್ನೋ ಕೆದಕಿ ಬಾಯಿಗೆ ಹಾಕಿತು. ಮರಿ ಅದರ ಬಾಯಿಯನ್ನೇ ಮೂಸಿತು. ಇನ್ನೊಂದು ಹೆಣ್ಣು ಬಂತು, ಮತ್ತೊಂದು. ಕೆಳಗೆ ರಸ್ತೆ ಇದೆ ಎಂಬುದೇ ಗೊತ್ತಿಲ್ಲದಂತೆ ಅವು ಮರದಿಂದ ಮರಕ್ಕೆ ದಾಟಿದವು. ರಸ್ತೆಯ ಮೇಲೆ ಕೊಂಬೆಗಳು ಕೂಡುವ ಒಂದೇ ಒಂದು ಕಡೆ. ಆ ಕೊಂಬೆ ಕಡಿದರೆ ಅವು ನೆಲಕ್ಕಿಳಿದೇ ದಾಟಬೇಕು, ವಾಹನಕ್ಕೆ ಸಿಗಬೇಕು. ತಮಿಳುನಾಡಿನ ವಾಲ್ಪಾರೈನಲ್ಲಿ ಇದಕ್ಕಾಗಿಯೇ ರಸ್ತೆ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ.

ಸಿರಿ ಅಲ್ಲೇ ಕಲ್ಲಿನ ಮೇಲೆ ಕೂತು (ಒಣ ಎಲೆ ಇಲ್ಲ ಅಂತ ನೋಡಿಕೊಂಡು) ಬರೆದಳು. ಗಣ, ಪ್ರೈಮೇಟ್ಸ್. ಕುಟುಂಬ, ಸರ್ಕೋಪಿಥೆಸಿಡೆ. ಕುಲ, ಮಕಾಕ. ಪ್ರಭೇದ, ಸಿಲೆನಸ್. 1758ರಲ್ಲಿ ಲಿನೇಯಸ್ ಕೊಟ್ಟ ಆ ಪ್ರಭೇದದ ಹೆಸರು ಇನ್ನೂ ಹಾಗೇ ಇದೆ. ಬನ್ಸ್ ಕದ್ದ ಮಂಗದ್ದೂ ಇದೇ ಕುಲ. ಮುಸಿಯದ್ದು ಕುಟುಂಬ ಇದೇ, ಕುಲ ಬೇರೆ. ಅದು ಎಲೆ ತಿನ್ನುವ ಕವಲು, ಕೆನ್ನೆಚೀಲ ಇಲ್ಲ. ಮುಸಿಯಕ್ಕೂ ಪ್ಲೋವರ್‌ಗೆ ಆದದ್ದೇ ಆಯಿತು. ದೇಶದ ತುಂಬ ಒಂದೇ ಅಂದುಕೊಂಡಿದ್ದ ಹನುಮಾನ್ ಲಂಗೂರನ್ನು 2001ರಲ್ಲಿ ಕಾಲಿನ್ ಗ್ರೋವ್ಸ್ ಎಂಬ ವಿಜ್ಞಾನಿ ಏಳು ಪ್ರಭೇದ ಮಾಡಿದರು.

ಸಿಂಗಳೀಕದ ನಂಟು ಇನ್ನೂ ಸ್ವಾರಸ್ಯ. ಒಂದೇ ಕಾಡಿನಲ್ಲಿರುವ ಮಂಗ ಅದಕ್ಕೆ ದೂರದ ಸಂಬಂಧಿ. ಹತ್ತಿರದ ಬಳಗ ಇರುವುದು ಈಶಾನ್ಯ ಭಾರತದ ಹಂದಿಬಾಲದ ಮಂಗಗಳಲ್ಲಿ, ಇನ್ನೂ ಆಚೆ ಇಂಡೋನೇಷ್ಯಾದ ಸುಲವೆಸಿ ದ್ವೀಪದಲ್ಲಿ. "ಅಂದ್ರೆ ಬನ್ಸ್ ಮಂಗ ಬೇರೆ ಬರಿ" ಅಂದಳು ಸಿರಿ. ಮಂಜು ಅದಕ್ಕೆ ಇನ್ನೊಂದು ಸೇರಿಸಿದ. ಈ ಗುಂಪಿನಲ್ಲಿ ಹೆಣ್ಣುಗಳು ಹುಟ್ಟಿದ ಗುಂಪು ಬಿಡುವುದಿಲ್ಲ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಕಡೆ. ಗಂಡು ದೊಡ್ಡದಾದ ಮೇಲೆ ಬೇರೆ ಗುಂಪಿಗೆ ಹೋಗುತ್ತದೆ. "ಓನರ್ ಅಕ್ಕನ ಅಳಿಯಕಟ್ಟು!"

ಇಳಿಯುವಾಗ ಕಾರಿನಲ್ಲಿ ಸಂರಕ್ಷಣೆಯ ಸಾಲು ಹೇಗೆ ಬರೆಯುವುದು ಅಂತ ಮಾವ ಸೊಸೆಗೆ ಜಗಳ. ಸಿಂಗಳೀಕದ್ದು ಸುಲಭ ಎಂದು ಮಂಜು. ಅದು ಪಶ್ಚಿಮ ಘಟ್ಟ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದು ಇರುವ ಕಾಡಿಗೆ ಗಡಿ ಹಾಕಿದರೆ ಆಯಿತು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಕೈಬಿಟ್ಟು 1984ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದಾಗ ಆ ಹೋರಾಟದ ಮುಖ ಸಿಂಗಳೀಕವೇ ಆಗಿತ್ತು. ಪ್ಲೋವರ್‌ಗೆ ಎಲ್ಲಿ ಗಡಿ ಹಾಕುತ್ತೀರಿ? ವಲಸೆ ಹಕ್ಕಿಗಳು ಹಿಡಿಯುವ ಮಧ್ಯ ಏಷ್ಯಾದ ಹಾರುದಾರಿಯಲ್ಲಿ ಮೂವತ್ತು ದೇಶಗಳಿವೆ. 2020ರಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಬಗ್ಗೆ ಅಷ್ಟು ದೊಡ್ಡ ಸಮಾವೇಶ ಕೂಡಿಸಿದ್ದೂ ಅದಕ್ಕೇ.

ಸಿರಿ ಒಪ್ಪಲಿಲ್ಲ. ಸುಲಭ ಆಗಿದ್ದರೆ ಆ ತಡೆಗೋಡೆಯ ಮೇಲಿನದ್ದು ಯಾಕೆ ಕೈ ಚಾಚಿತು? ಜಗತ್ತಿನಲ್ಲಿ ಬೆಳೆದ ಸಿಂಗಳೀಕಗಳು 2,500ಕ್ಕಿಂತ ಕಡಿಮೆ ಎಂದು ಐಯುಸಿಎನ್ ಅಂದಾಜು, 'ಅಳಿವಿನಂಚಿನ' ಪಟ್ಟಿ. ಎರಡು ಮೂರು ವರ್ಷಕ್ಕೆ ಒಂದು ಮರಿ. ಪ್ಲೋವರ್ ಒಂದು ಸಲಕ್ಕೆ ಮೂರು ಮೊಟ್ಟೆ ಇಡುತ್ತದೆ, ಮರಿ ಹುಟ್ಟಿದ ದಿನವೇ ಓಡುತ್ತದೆ. ಘಾಟಿಯಲ್ಲಿ ಒಂದು ತಾಯಿ ಕಾರಿಗೆ ಸಿಕ್ಕರೆ ಆ ಗುಂಪು ಎಷ್ಟು ವರ್ಷ ಹಿಂದೆ ಹೋಯಿತು ಅಂತ ಅವಳ ಲೆಕ್ಕ. ನನಗೆ ಅವಳದ್ದೇ ಸರಿ ಅನ್ನಿಸಿತು. ಆದರೆ ಹಿಂದಿನ ದಿನದ ಫೋಟೋ ವಿಷಯಕ್ಕೆ ರಾಜಿಯಾಗಲು ಹೀಗೆ ಹೇಳುತ್ತಿದ್ದೀರಿ ಅಂದಳು.

ಉತ್ತರ ಕನ್ನಡದ ಅಘನಾಶಿನಿಯನ್ನು ನಾನು ನಡುವೆ ತಂದೆ. ಅದರ ಮೇಲ್ಭಾಗದ ಕಾಡನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಮಾಡಿದರು. ಕೆಳಗಿನ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಒಂದೇ ಹೊಳೆ, ಮೇಲೆ ಮಂಗಕ್ಕೆ, ಕೆಳಗೆ ಹಕ್ಕಿಗೆ. ಮುಂದಿನ ಸಲ ಅಲ್ಲಿಗೆ ಅಂತ ಮಂಜು ತಕ್ಷಣ ಹೇಳಿದ. ಪೆಟ್ರೋಲು ಯಾರದ್ದು ಅಂತ ಹೇಳಲಿಲ್ಲ.

ಮನೆಗೆ ಬಂದ ಮೇಲೆ

ಚಾರ್ಟಿನಲ್ಲಿ ಒಂದು ಜಾಗ ಸಿರಿ ಪೆನ್ಸಿಲಿನಲ್ಲೇ ಬಿಟ್ಟಿದ್ದಳು, ಹಕ್ಕಿಯ ಹೆಸರು. ಚಳಿಗಾಲದ ಗರಿಯಲ್ಲಿ ಟಿಬೆಟಿನದ್ದಕ್ಕೂ ಸೈಬೀರಿಯಾದ್ದಕ್ಕೂ ವ್ಯತ್ಯಾಸ ಹೇಳುವುದು ಬಹಳ ಕಷ್ಟ. ನಮ್ಮ ಕರಾವಳಿಗೆ ಬರುವುದು ಟಿಬೆಟಿನದ್ದೇ ಅಂತ ಮಂಜು ಎಷ್ಟು ಹೇಳಿದರೂ, ನಾನು ನೋಡಿದ್ದನ್ನು ಮಾತ್ರ ಪೆನ್ನಿನಲ್ಲಿ ಬರೀತೀನಿ ಅಂದಳು. ಹಾಗೇ ಕೊಟ್ಟಳು. ಮೇಡಂ ಅದರ ಮೇಲೆ ಪೆನ್ನಿನಿಂದ ತಿದ್ದಿ, ಒಂದು ಅಂಕ ಕಳೆದಿದ್ದರು.

ಏಪ್ರಿಲ್ ಎರಡನೇ ವಾರ ಮಂಜು ಕೋಡಿ ಬೆಂಗ್ರೆಯಿಂದ ಒಂದು ವಿಡಿಯೋ ಕಳಿಸಿದ. "ಹೊರಡ್ತಾ ಇವೆ ಭಾವ, ಸಿರಿಗೆ ತೋರಿಸಿ." ಆ ಮರಳುಬಣ್ಣದ ಹಕ್ಕಿಗಳೇ ಅಂದರೆ ನಂಬಲಾಗದು. ಎದೆಗೆ ಇಟ್ಟಿಗೆ ಕೆಂಪು ಬಂದಿತ್ತು, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಸಿರಿ ವಿಡಿಯೋ ನಿಲ್ಲಿಸಿದಳು, ದೊಡ್ಡದು ಮಾಡಿದಳು, ಮತ್ತೆ ಹಿಂದಕ್ಕೆ ಎಳೆದು ನಿಲ್ಲಿಸಿದಳು. ಸೈಬೀರಿಯಾದ್ದಾದರೆ ಹಣೆ ಬೆಳ್ಳಗಿರಬೇಕು.

"ಅಪ್ಪ, ಹಣೆ ಕಪ್ಪು" ಅಂದಳು.